ಹಳೇ ಡೀಸೆಲ್ ಟ್ರ್ಯಾಕ್ಟರಿನ ಹೆಡ್ ಹೆರೆಸೋ ಮುಂಚೆ ಇದನ್ನ ಓದಿ

ಹಾಸನ, ಬೇಲೂರು, ಅರಕಲಗೂಡು ಕಡೆ ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡು ಎಳೆಯೋ ಪಂದ್ಯಕ್ಕೆ ಬಿಡಬೇಕು ಅಂತಿರೋ ಹುಡುಗರಿಗೆ ಈ ಬರಹ. ಹೆಡ್ ಅಂದರೆ ಎಂಜಿನ್ ಸಿಲಿಂಡರ್‌ಗಳ ಮೇಲೆ ಕೂರೋ ಮುಚ್ಚಳ, ಪೋರ್ಟ್ ಅಂದರೆ ಅದರೊಳಗೆ ಗಾಳಿ ಓಡೋ ದಾರಿ, ಕಂಪ್ರೆಶನ್ ಅಂದರೆ ಪಿಸ್ಟನ್ ಗಾಳಿಯನ್ನ ಎಷ್ಟು ಪಟ್ಟು ಅದುಮುತ್ತೆ ಅನ್ನೋದು. "ಹೆಡ್ ಒಂದು ಮಿಲ್ಲಿಮೀಟರ್ ಹೆರೆದು ಕೊಡ್ತೀನಿ, ಕಂಪ್ರೆಶನ್ ಏರುತ್ತೆ, ಪೋರ್ಟೂ ಅಗಲ ಮಾಡ್ತೀನಿ, ಗಾಡಿ ಹಾರುತ್ತೆ" ಅಂತ ಯಾರಾದರೂ ಹೇಳಿದರೆ, ಹೆಡ್ ಎತ್ತಿಕೊಂಡು ಸೀದಾ ಮನೆಗೆ ಬನ್ನಿ.

ನಮ್ಮದು ತಾತನ ಕಾಲದ ಮ್ಯಾಸಿ ಫರ್ಗುಸನ್ 35. ಮೂರು ಸಿಲಿಂಡರಿನ ಪರ್ಕಿನ್ಸ್ ಎ3.152 ಎಂಜಿನ್, 37 ಎಚ್‌ಪಿ ಆಸುಪಾಸು. ಗ್ಯಾಸ್ಕೆಟ್ (ಹೆಡ್‌ಗೂ ಎಂಜಿನ್ ಬ್ಲಾಕ್‌ಗೂ ನಡುವಿನ ಹಾಳೆ) ಲೀಕ್ ಅಂತ ಹೆಡ್ ಬಿಚ್ಚಿ ಹಾಸನದ ಒಂದು ಲೇತ್ ಅಂಗಡಿಗೆ ಕಳಿಸಿದ್ದೆವು. ಕೆಲಸ ಇಷ್ಟೇ, ಮಟ್ಟ ನೋಡಿ ಸೊಟ್ಟ ಇದ್ದಷ್ಟು ಫೇಸಿಂಗ್ ಮಾಡೋದು. ಹೆಡ್ ಒಯ್ದಿದ್ದ ನನ್ನ ತಮ್ಮ ಮಾತಿನ ಮಧ್ಯೆ ಪಂದ್ಯದ ವಿಷಯ ತೆಗೆದ. ಅಂಗಡಿಯವರು ಮೊಬೈಲ್‌ನಲ್ಲಿ ಅಮೆರಿಕದ ಟ್ರ್ಯಾಕ್ಟರ್ ಪಂದ್ಯದ ವೀಡಿಯೊ ತೋರಿಸಿ, "ನೋಡಣ್ಣ, ಇದೂ ನಿಮ್ಮಷ್ಟೇ ಸೀಸಿ, ಇವರೆಲ್ಲ ಹೆಡ್ ಹೆರೆಸೇ ಗೆಲ್ಲೋದು" ಅಂದರಂತೆ. ತಮ್ಮ ಹೂಂ ಅಂದ, ಅವರು ಹೆಡ್ ಹೆರೆದು, ಪೋರ್ಟೂ ಅಗಲ ಮಾಡಿ ಕೊಟ್ಟರು.

ವೀಡಿಯೊದಲ್ಲಿದ್ದದ್ದು ಫಾರ್ಮಾಲ್ ಎಚ್. 1939ರಿಂದ 1953ರವರೆಗೆ ತಯಾರಾದ ಗಾಡಿ. ಅದೂ 152 ಕ್ಯೂಬಿಕ್ ಇಂಚು (ಸುಮಾರು 2,500 ಸೀಸಿ), ನಮ್ಮದೂ 152. ಹೋಲಿಕೆ ಅಲ್ಲಿಗೇ ಮುಗಿಯಿತು. ಅದು ಪೆಟ್ರೋಲ್ ಎಂಜಿನ್, ಕಂಪ್ರೆಶನ್ 6ರ ಸುತ್ತಮುತ್ತ. ಇಂಧನ ಉರಿಯೋ ಜಾಗ ಅದರ ಹೆಡ್‌ನಲ್ಲಿದೆ. ಹೆಡ್ ಹೆರೆದರೆ ಆ ಜಾಗ ಕಿರಿದಾಗುತ್ತೆ, ಕಂಪ್ರೆಶನ್ ಏರುತ್ತೆ, ಶಕ್ತಿ ಬರುತ್ತೆ. ಅವರ ಲೆಕ್ಕ ಸರಿಯೇ.

ನಮ್ಮದು ಡೈರೆಕ್ಟ್ ಇಂಜೆಕ್ಷನ್ ಡೀಸೆಲ್, ಅಂದರೆ ಡೀಸೆಲ್ ನೇರ ಸಿಲಿಂಡರ್ ಒಳಗೇ ಚಿಮ್ಮುತ್ತೆ. ಕಂಪ್ರೆಶನ್ ಈಗಾಗಲೇ 17.4. ಡೀಸೆಲ್ ಉರಿಯೋ ಬಟ್ಟಲು ಪಿಸ್ಟನ್ ತಲೆಯಲ್ಲಿದೆ, ಹೆಡ್‌ನ ತಳ ಚಪ್ಪಟೆ. ಪಿಸ್ಟನ್ ಮೇಲೆ ಬಂದಾಗ ಹೆಡ್‌ಗೆ ಎಷ್ಟು ಸಂದು ಇರುತ್ತೆ ಅನ್ನೋದು ಬ್ಲಾಕ್, ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡ್, ಗ್ಯಾಸ್ಕೆಟ್ ಸೇರಿ ಆಗೋ ಲೆಕ್ಕ. ಹೆಡ್‌ನಿಂದ ಎಷ್ಟು ಹೆರೆದರೂ ಆ ಸಂದು ಬದಲಾಗಲ್ಲ. ಅಂದರೆ ಕಂಪ್ರೆಶನ್ ಹೆಚ್ಚೋದು ಲೆಕ್ಕಕ್ಕೇ ಬಾರದಷ್ಟು. ಬದಲಾಗೋದು ಬೇರೆ ಎರಡು. ಹೆಡ್ ಒಳಗೆ ಸ್ವಲ್ಪ ತಗ್ಗಿನಲ್ಲಿ ಕೂರಬೇಕಾದ ವಾಲ್ವ್ ಪಿಸ್ಟನ್ ಹತ್ತಿರ ಇಳಿಯುತ್ತೆ. ಇಂಜೆಕ್ಟರ್ ಮೂತಿಯೂ ಹೊರಗೆ ಚಾಚುತ್ತೆ, ಡೀಸೆಲ್ ಬಟ್ಟಲಲ್ಲಿ ಬೀಳಬೇಕಾದ ಜಾಗ ಬಿಟ್ಟು ಬೇರೆ ಕಡೆ ಬೀಳುತ್ತೆ. ಇದು ಲೇತ್ ಅಂಗಡಿಯವರಿಗೆ ಗೊತ್ತಿರಬೇಕಾದ ವಿಷಯ, ಅಲ್ವಾ? ಡೀಸೆಲ್ ಹೆಡ್ ದಿನಾ ಬರುತ್ತೆ ಅವರ ಟೇಬಲ್ ಮೇಲೆ.

ಹೆಡ್ ಕೂರಿಸಿ ಸ್ಟಾರ್ಟ್ ಮಾಡಿದಾಗಲೇ ಬಿಳಿ ಹೊಗೆ, ಮೇಲಿಂದ ಟಿಕ್ ಟಿಕ್ ಸದ್ದು. ಟ್ಯಾಪೆಟ್ (ವಾಲ್ವ್ ಮೇಲಿನ ಸಂದು) ಮತ್ತೆ ಸೆಟ್ ಮಾಡಿದರೂ ಹೋಗಲಿಲ್ಲ. ಫೋನ್ ಮಾಡಿದರೆ "ಓಡಿಸಿ ಅಣ್ಣ, ಸೆಟ್ ಆಗುತ್ತೆ" ಅಂತ ಉತ್ತರ. ಪಂದ್ಯದ ದಿನ ಮರಳು ತುಂಬಿದ ಟ್ರೇಲರ್ ಕಟ್ಟಿ ರೇಸ್ ಕೊಟ್ಟಿದ್ದೇ ತಡ, ಒಂದು ಸಿಲಿಂಡರ್ ಕೈಕೊಟ್ಟಿತು. ಕವರ್ ಬಿಚ್ಚಿದರೆ ವಾಲ್ವ್ ತೆರೆಸೋ ಪುಶ್ ರಾಡ್ ಬಿಲ್ಲಿನ ಹಾಗೆ ಬಾಗಿತ್ತು. ಹೆಡ್ ಎತ್ತಿ ನೋಡಿದಾಗ ಪಿಸ್ಟನ್ ತಲೆಯ ಮಸಿ ಮಧ್ಯೆ ಅರ್ಧಚಂದ್ರಾಕಾರದ ಒಂದು ಗೆರೆ ಫಳಫಳ ಹೊಳೀತಿತ್ತು. ವಾಲ್ವ್ ಬಂದು ಬಡಿದ ಜಾಗ ಅದು. ವಾಲ್ವ್ ಸೀಟನ್ನ ಇನ್ನಷ್ಟು ಆಳಕ್ಕೆ ಕಟ್ ಮಾಡಿಸಿ ಮತ್ತೆ ಕೂರಿಸಿದೆವು, ಅದೂ ಅದೇ ಅಂಗಡಿಯಲ್ಲಿ.

ಅದಕ್ಕಿಂತ ದೊಡ್ಡ ಪೆಟ್ಟು ಪೋರ್ಟ್‌ನದು. ಗಾಳಿ ಜಾಸ್ತಿ ಹೋಗಲಿ ಅಂತ ಕೈ ಗ್ರೈಂಡರ್ ಹಿಡಿದು ಇನ್‌ಲೆಟ್ ಪೋರ್ಟ್ ಅಗಲ ಮಾಡಿದ್ದರು. ಆ ಗೋಡೆಯ ಆಚೆ ಇರೋದೇ ನೀರು ಓಡೋ ಜಾಗ. ಹಳೇ ಕಾಸ್ಟಿಂಗ್, ಒಳಗಿಂದ ತುಕ್ಕು ತಿಂದು ಎಲ್ಲಿ ಎಷ್ಟು ದಪ್ಪ ಉಳಿದಿದೆ ಅಂತ ಹೊರಗಿಂದ ಕಾಣಲ್ಲ. ಒಂದು ಕಡೆ ಗೋಡೆ ಹಾಳೆಯಷ್ಟು ತೆಳುವಾಗಿ, ಆಮೇಲೆ ಸೂಜಿಮೊನೆಯಷ್ಟು ತೂತಾಯಿತು. ದಿನಾ ರೇಡಿಯೇಟರ್ ನೀರು ಕಮ್ಮಿ ಆಗೋದು, ಕೆಳಗೆ ಮಾತ್ರ ಒಂದು ಹನಿ ಇಲ್ಲ. ಒಂದು ಬೆಳಗ್ಗೆ ಸೆಲ್ಫ್ ಒತ್ತಿದರೆ ಠಕ್ ಅಂತ ನಿಂತೇ ಹೋಯಿತು. ರಾತ್ರಿಯೆಲ್ಲ ನೀರು ಪೋರ್ಟ್‌ನಿಂದ ತೊಟ್ಟಿಕ್ಕಿ, ತೆರೆದಿದ್ದ ವಾಲ್ವ್ ಮೂಲಕ ಸಿಲಿಂಡರ್‌ಗೆ ಇಳಿದಿತ್ತು. ನೀರನ್ನ ಅದುಮಕ್ಕೆ ಆಗುತ್ತಾ? ಕನೆಕ್ಟಿಂಗ್ ರಾಡ್ ಬಾಗಿತು.

ಅಂಗಡಿಯವರ ಮಾತು: "ಹಳೇ ಹೆಡ್ ಅಣ್ಣ, ತೂತು ಮೊದಲೇ ಇತ್ತು." ತೂತಿನ ಸುತ್ತ ಗ್ರೈಂಡರ್ ಎಳೆದ ಗೆರೆಗಳು ಎದ್ದು ಕಾಣ್ತಿದ್ದವು. ತೋರಿಸಿದರೆ ಸುಮ್ನೆ ಬೇರೆ ಕಡೆ ನೋಡಿದರು. ಬಿಲ್ ಕೊಟ್ಟಿರಲಿಲ್ಲ, ಹಾಗಾಗಿ ಜಗಳಕ್ಕೂ ಆಧಾರ ಇಲ್ಲ. ಅಷ್ಟರಲ್ಲಿ ಆಲೂಗಡ್ಡೆ ಬಿತ್ತನೆ ಶುರುವಾಗಿತ್ತು. ಮನೇಲಿ ಟ್ರ್ಯಾಕ್ಟರ್ ಇಟ್ಟುಕೊಂಡು ಗಂಟೆ ಬಾಡಿಗೆಗೆ ಬೇರೆಯವರದ್ದು ಕರೆಸಿದೆವು. ಅಪ್ಪ ಒಂದು ಮಾತೂ ಆಡಲಿಲ್ಲ, ಅದು ಇನ್ನೂ ಕಷ್ಟ.

ಇಷ್ಟಕ್ಕೂ ಈ ಗಾಡಿಗೆ ಪಂದ್ಯದಲ್ಲಿ ಶಕ್ತಿ ಸಾಲದು ಅನ್ನೋದೇ ಸುಳ್ಳು. ಒಂದನೇ ಗೇರ್‌ನಲ್ಲಿ ಭಾರ ಎಳೆಯುವಾಗ ಎಂಜಿನ್ ನಿಲ್ಲೋಕೆ ಮುಂಚೆ ಹಿಂದಿನ ಚಕ್ರ ಜಾರಿ ಸುತ್ತುತ್ತೆ. ಬೇಕಿರೋದು ಒಳ್ಳೇ ಟೈರ್, ಸರಿಯಾದ ಗಾಳಿ, ತೂಕ, ಮುಂದಿನ ಚಕ್ರ ಏಳದ ಹಾಗೆ ಕೊಂಡಿಯ ಎತ್ತರ. ಟರ್ಬೊ ಹಾಕಿ ಎಳೆಸೋ ದೊಡ್ಡ ಡೀಸೆಲ್‌ಗಳಲ್ಲಂತೂ ಕಂಪ್ರೆಶನ್ ಇಳಿಸೋದೇ ರೂಢಿ.

ಗ್ಯಾಸ್ಕೆಟ್ ಹೋಗಿ ಹೆಡ್ ಬಿಚ್ಚಲೇಬೇಕಾದರೆ, ಕೊಡೋ ಮುಂಚೆ ಪ್ರತಿ ವಾಲ್ವ್ ಹೆಡ್ ಮಟ್ಟದಿಂದ ಎಷ್ಟು ಒಳಗಿದೆ ಅಂತ ಡೆಪ್ತ್ ಗೇಜ್‌ನಲ್ಲಿ ಅಳೆಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ನಿಮ್ಮ ಎಂಜಿನ್‌ನ ವರ್ಕ್‌ಶಾಪ್ ಪುಸ್ತಕದಲ್ಲಿ ಮಿತಿ ಇರುತ್ತೆ, ವಾಪಸ್ ಬಂದಾಗ ಮತ್ತೆ ಅಳೆದು ಅದಕ್ಕೆ ಹೋಲಿಸಿ. ಗ್ರೈಂಡರ್ ಮುಟ್ಟಿಸಬೇಡಿ ಅಂತ ಮೊದಲೇ ಹೇಳಿ. ಕೂರಿಸೋ ಮುಂಚೆ ನೀರಿನ ದಾರಿಗಳನ್ನ ಪ್ಲೇಟ್ ಹಾಕಿ ಮುಚ್ಚಿಸಿ, ಒಳಗೆ ಗಾಳಿ ಕೊಟ್ಟು, ಹೆಡ್ ನೀರಲ್ಲಿ ಮುಳುಗಿಸಿ ಗುಳ್ಳೆ ಬರುತ್ತಾ ಅಂತ ಎದುರಿಗೇ ನಿಂತು ನೋಡಿ. ಬಿಲ್ ಬರೆಸಿಕೊಂಡೇ ದುಡ್ಡು ಕೊಡಿ.