ವಾಲ್ವ್ ಬದಲಿಸುವ ಮೊದಲು ಪ್ಲೇಟಿನ ಸಪ್ರೆಸರ್ ನೋಡಿ

ಹ್ಯಾಮ್ (ಹವ್ಯಾಸಿ) ರೇಡಿಯೋದ ಹಳೆಯ ಆಂಪ್ಲಿಫೈಯರ್‌ನಲ್ಲಿ ವಾಲ್ವ್ (ಸಿಗ್ನಲ್ ಬಲಪಡಿಸುವ ಗಾಜಿನ ಕೊಳವೆ) ಹೋಗಿದೆ ಎಂದು ಯಾರಾದರೂ ಹೇಳಿದರೆ, ಅದು ಏಕೆ ಹೋಯಿತೆಂದು ತಿಳಿಯುವವರೆಗೆ ಹೊಸದನ್ನು ಹಾಕಲು ದಯವಿಟ್ಟು ಒಪ್ಪಬೇಡಿ. ಕಲಬುರಗಿಯಲ್ಲಿ ಇಂಥ ಯಂತ್ರವನ್ನು ಬಿಚ್ಚಿ ನೋಡಬಲ್ಲವರು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಸಿಕ್ಕವರ ಮಾತನ್ನೇ ನಂಬಬೇಕಾಗುತ್ತದೆ. ನನಗೆ ಆದದ್ದೂ ಅದೇ.

ನನ್ನದು ಒಂದೇ 3-500ಝಡ್ ವಾಲ್ವಿನ, ಗ್ರಿಡ್ (ವಾಲ್ವಿನೊಳಗೆ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ) ಗ್ರೌಂಡ್ ಆಗಿರುವ ಯಂತ್ರ. ಮಾತನಾಡುತ್ತಿರುವಾಗಲೇ ಒಳಗೆ ಫಟ್ಟೆಂದು ಸದ್ದಾಗಿ ಹೈ ವೋಲ್ಟೇಜ್ ಫ್ಯೂಸ್ ಹೋಯಿತು. ದುರಸ್ತಿ ಮಾಡಿದವರು ಗ್ರಿಡ್ ಮತ್ತು ಫಿಲಮೆಂಟ್ (ಒಳಗೆ ಕಾಯುವ ತಂತಿ) ಶಾರ್ಟ್ ಆಗಿರುವುದನ್ನು ತೋರಿಸಿ ವಾಲ್ವ್ ಬದಲಿಸಿದರು; ಜೊತೆಗೆ ಪ್ಲೇಟಿನ (ವಾಲ್ವಿನ ಔಟ್‌ಪುಟ್ ತುದಿಯ), ಬೇಡದ ಆಂದೋಲನ ತಡೆಯುವ ಸಪ್ರೆಸರ್‌ನಲ್ಲಿದ್ದ ಸುಟ್ಟ ರೆಸಿಸ್ಟರ್ ತೆಗೆದು, ಇದು ಹೆಚ್ಚು ವಾಟ್‌ನದು, ಇನ್ನು ಸುಡುವುದಿಲ್ಲ ಎಂದು ತಂತಿ ಸುತ್ತಿ ಮಾಡಿದ ವೈರ್‌ವೌಂಡ್ ರೆಸಿಸ್ಟರ್ ಕೂರಿಸಿದರು. ಕೆಲವೇ ದಿನಗಳಲ್ಲಿ ಹೊಸ ವಾಲ್ವೂ ಅದೇ ರೀತಿ ಹೋಯಿತು. ನಮ್ಮ ಭಾಗದ ಬಿಸಿಲು ಮತ್ತು ಕರೆಂಟಿನ ಏರಿಳಿತವೇ ಕಾರಣವೆಂದರು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ನಿಜ; ಆದರೆ ಈ ವಾಲ್ವಿನ ಬುಡದ ಸೀಲ್ 200 ಡಿಗ್ರಿಯವರೆಗೆ ತಾಳುತ್ತದೆ, ಫ್ಯಾನೂ ಸರಿಯಾಗಿ ತಿರುಗುತ್ತಿತ್ತು. ಸಾಕೆಟ್ಟಿನ ಪಿನ್ನುಗಳಲ್ಲೇ ಅಳೆದಾಗ ಫಿಲಮೆಂಟ್ ವೋಲ್ಟೇಜ್ ಅದಕ್ಕೆ ಬೇಕಾದ 5 ವೋಲ್ಟಿನ ಆಸುಪಾಸಿನಲ್ಲೇ ಇತ್ತು.

ನಿಜವಾದ ಕಾರಣವನ್ನು ಹಿಡಿದವರು ಬೀದರಿನ ಹಿರಿಯ ಹ್ಯಾಮ್ ಒಬ್ಬರು. ಸಪ್ರೆಸರ್‌ನಲ್ಲಿ ಕೆಲವೇ ಸುತ್ತಿನ ಕಾಯಿಲ್ ಮತ್ತು ರೆಸಿಸ್ಟರ್ ಸಮಾನಾಂತರವಾಗಿರುತ್ತವೆ. ನಾವು ಬಳಸುವ ಕಡಿಮೆ ಆವರ್ತನದ ಬ್ಯಾಂಡಿನ ಕರೆಂಟ್ ಬಹುಪಾಲು ಕಾಯಿಲ್ ಮೂಲಕವೇ ಹೋಗುತ್ತದೆ. ವಾಲ್ವಿನ ಒಳಗಿನ ಕೆಪಾಸಿಟೆನ್ಸ್ ಮತ್ತು ತಂತಿಗಳ ಉದ್ದದಿಂದ ಅತಿ ಹೆಚ್ಚಿನ ಆವರ್ತನವಾದ ವಿಎಚ್‌ಎಫ್‌ನಲ್ಲಿ ತಾನಾಗಿಯೇ ಹುಟ್ಟಲು ನೋಡುವ ಪ್ಯಾರಾಸಿಟಿಕ್ (ಬೇಡದ) ಆಂದೋಲನಕ್ಕೆ ಕಾಯಿಲ್ ಅಡ್ಡವಾಗಿ, ಅದರ ಶಕ್ತಿ ರೆಸಿಸ್ಟರ್‌ನಲ್ಲಿ ಕರಗಬೇಕು. ವೈರ್‌ವೌಂಡ್ ರೆಸಿಸ್ಟರ್ ಆ ಆವರ್ತನದಲ್ಲಿ ಸ್ವತಃ ಕಾಯಿಲ್‌ನಂತೆ ವರ್ತಿಸುವುದರಿಂದ ಆಂದೋಲನವನ್ನು ತಡೆಯುವವರೇ ಇಲ್ಲದಂತಾಗುತ್ತದೆ.

ಪರೀಕ್ಷಿಸುವಾಗ ಪ್ಲಗ್ ಕಿತ್ತು, ಕೆಪಾಸಿಟರ್‌ಗಳನ್ನು ಗ್ರೌಂಡಿಗೆ ಜೋಡಿಸಿದ, ಇನ್ಸುಲೇಟೆಡ್ ಹಿಡಿಯಿರುವ ಕೋಲಿನಿಂದ ಡಿಸ್‌ಚಾರ್ಜ್ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಒಳಗೆ ಕೈ ಹಾಕಿ. ಅಲ್ಲಿರುವ ಸಾವಿರಾರು ವೋಲ್ಟ್ ಎರಡನೆಯ ಅವಕಾಶ ಕೊಡುವುದಿಲ್ಲ. ರೆಸಿಸ್ಟರ್‌ನ ಒಂದು ಕಾಲನ್ನು ಬಿಡಿಸಿಯೇ ಅಳೆಯಬೇಕು, ಇಲ್ಲದಿದ್ದರೆ ಮೀಟರ್ ಕಾಯಿಲನ್ನು ಓದಿ ಸೊನ್ನೆ ತೋರಿಸುತ್ತದೆ. ನನ್ನ ಹಳೆಯ ಕಾರ್ಬನ್ ರೆಸಿಸ್ಟರ್ ಮೇಲೆ ಹಳದಿ, ನೇರಳೆ, ಕಪ್ಪು ಪಟ್ಟಿಗಳಿದ್ದವು, ಅಂದರೆ 47 ಓಮ್. ಅಳೆದಾಗ 200 ಓಮ್ ದಾಟಿತ್ತು. ಮೊದಲ ವಾಲ್ವನ್ನು ಕೊಂದದ್ದೂ ಬಹುಶಃ ಇದೇ. ಸಾಕೆಟ್ಟಿನ ಗ್ರಿಡ್ ಪಿನ್ನುಗಳಾದ 2, 3, 4 ಚಿಕ್ಕ, ಅಗಲವಾದ ಪಟ್ಟಿಯಿಂದ ಗ್ರೌಂಡಿಗೆ ಸೇರಿವೆಯೇ ಎಂದೂ ನೋಡಿ. ನನ್ನದರಲ್ಲಿ ಮೂರಕ್ಕೂ ಸೇರಿ ಉದ್ದವಾದ ಒಂದೇ ತಂತಿಯಿತ್ತು; ಅದೂ ಆಂದೋಲನಕ್ಕೆ ದಾರಿ.

ಎಲ್ಲ ಮುಚ್ಚಿದ ಬಳಿಕ, ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಶಕ್ತಿ ಹೀರುವ ರೆಸಿಸ್ಟರ್) ಜೋಡಿಸಿ, ಡ್ರೈವ್ (ಒಳಬರುವ ಸಿಗ್ನಲ್) ಕೊಡದೆ ಕೆಲವೇ ಸೆಕೆಂಡು ಟ್ರಾನ್ಸ್‌ಮಿಟ್‌ನಲ್ಲಿಟ್ಟು ಟ್ಯೂನ್, ಲೋಡ್ ಗುಂಡಿಗಳನ್ನು ತಿರುಗಿಸಿದಾಗ ಗ್ರಿಡ್ ಮೀಟರ್ ಕದಲಬಾರದು; ಕದಲಿದರೆ ಆಂದೋಲನ ಇನ್ನೂ ಇದೆ ಎಂದರ್ಥ. ಬಹುಕಾಲ ಇಟ್ಟಿದ್ದ ವಾಲ್ವ್ ಆದರೆ, ಹೈ ವೋಲ್ಟೇಜ್ ಕೊಡುವ ಮೊದಲು ಫಿಲಮೆಂಟನ್ನಷ್ಟೇ ಹಲವು ಗಂಟೆ ಉರಿಸಿ.

ಸರಿಯಾದ ರೆಸಿಸ್ಟರ್ ಹಾಕಿ, ಗ್ರಿಡ್ ತಂತಿ ಬದಲಿಸಿದ ಮೇಲೆ ಮೂರನೆಯ ವಾಲ್ವ್ ಇಂದಿಗೂ ನಡೆಯುತ್ತಿದೆ. ಎರಡನೆಯದರ ಹಣ ಮಾತ್ರ ಮರಳಲಿಲ್ಲ. ಯಂತ್ರವನ್ನು ದುರಸ್ತಿಗೆ ಕೊಡುವವರು ಒಳಭಾಗದ ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಪ್ರತಿಯೊಂದು ಬಿಡಿಭಾಗವನ್ನೂ ವಾಪಸ್ ಕೇಳಿ ಪಡೆಯಿರಿ.