ಅಪ್ಪ ಅಮ್ಮನ ಸಿಲ್ವರ್ ಪ್ಲಾನ್: ಐದಕ್ಕೆ ಮೂರು ಸ್ಟಾರ್

ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಬಂದ ಅಪ್ಪ ಅಮ್ಮನಿಗೆ ಯಾವ ಇನ್ಶೂರೆನ್ಸ್ ತಗೊಂಡ್ರಿ ಅಂತ ಇಲ್ಲಿ ಟೆಕ್ಸಾಸ್‌ನಲ್ಲಿ ಸಿಕ್ಕವರೆಲ್ಲಾ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಹಾಗಾಗಿ ಬರೆದೇ ಬಿಡುತ್ತೇನೆ. ನಾವು 2023ರಿಂದ ಸರ್ಕಾರದ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸ್ ಆದ ಹೆಲ್ತ್‌ಕೇರ್ ಡಾಟ್ ಗವ್ ಮೂಲಕ ಒಂದೇ ಕಂಪನಿಯ ಸಿಲ್ವರ್ ಪ್ಲಾನ್ (ಬ್ರಾಂಜ್‌ಗಿಂತ ಮೇಲಿನ, ಗೋಲ್ಡ್‌ಗಿಂತ ಕೆಳಗಿನ ದರ್ಜೆ) ಇಟ್ಟುಕೊಂಡಿದ್ದೇವೆ. ಕಂಪನಿ ಹೆಸರು ಹಾಕುವುದಿಲ್ಲ. ಹಾಕಿದರೂ ಉಪಯೋಗ ಕಡಿಮೆ. ಪಕ್ಕದ ಕೌಂಟಿಗೆ ಹೋದರೆ ಕಂಪನಿಗಳೇ ಬೇರೆ ಇರುತ್ತವೆ. ಅದೂ ಅಲ್ಲದೆ ಈ ಪ್ಲಾನಿನಲ್ಲಿ ನನಗೆ ಇಷ್ಟವಾದದ್ದು ಬಹುತೇಕ ಫೆಡರಲ್ ಕಾನೂನು ಕೊಟ್ಟಿದ್ದು. ಸಿಟ್ಟು ತರಿಸಿದ್ದು ಮಾತ್ರ ಕಂಪನಿಯ ಸ್ವಂತದ್ದು.

ಮೊದಲು ಒಳ್ಳೆಯದು. ವಿಸಿಟರ್ ವೀಸಾದಲ್ಲಿ ಬರುತ್ತಿದ್ದಾಗ ಅಪ್ಪ ಅಮ್ಮನಿಗೆ ವಿಸಿಟರ್ ಇನ್ಶೂರೆನ್ಸ್ ಮಾಡಿಸುತ್ತಿದ್ದೆವು. ಅದರಲ್ಲಿ ಅಪ್ಪನ ಬಿಪಿ, ಅಮ್ಮನ ಶುಗರ್ ಎರಡೂ ಹಳೇ ಕಾಯಿಲೆ ಅಂತ ಹೊರಗೆ. ಹಾಗಿದ್ದ ಮೇಲೆ ಆ ಇನ್ಶೂರೆನ್ಸ್ ಯಾತಕ್ಕೆ, ಅಲ್ವಾ? ಮಾರ್ಕೆಟ್‌ಪ್ಲೇಸ್ ಅರ್ಜಿಯಲ್ಲಿ ವಯಸ್ಸು ಕೇಳಿದರು, ಜಿಪ್ ಕೋಡ್ ಕೇಳಿದರು, ಸಿಗರೇಟು ತಂಬಾಕು ಇದೆಯಾ ಅಂದರು, ಆದಾಯ ಕೇಳಿದರು. ಶುಗರ್ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್ ಪ್ರಕಾರ 2014ರಿಂದ ಹಳೇ ಕಾಯಿಲೆ ಇದೆ ಅಂತ ಪಾಲಿಸಿ ನಿರಾಕರಿಸುವ ಹಾಗಿಲ್ಲ, ಜಾಸ್ತಿ ದುಡ್ಡು ಕೇಳುವ ಹಾಗೂ ಇಲ್ಲ. ವಯಸ್ಸಾದವರಿಗೆ ಜಾಸ್ತಿ ಹಾಕಬಹುದು, ಅದೂ 21ರ ಹುಡುಗನ ಪ್ರೀಮಿಯಂನ ಮೂರು ಪಟ್ಟಿನವರೆಗೆ. ನಮ್ಮವರಿಬ್ಬರೂ 65 ದಾಟಿದವರು, ಆ ಮೂರು ಪಟ್ಟಿನ ಗುಂಪಿನವರೇ.

ಇನ್ನೊಂದು ಕಾನೂನು ಕೈಹಿಡಿದದ್ದು ಎಮರ್ಜೆನ್ಸಿಯಲ್ಲಿ. ಒಂದು ರಾತ್ರಿ ಅಪ್ಪನಿಗೆ ಎದೆ ಹಿಡಿದಂತಾಯಿತು. ನೆಟ್‌ವರ್ಕ್‌ನಲ್ಲಿದ್ದ, ಅಂದರೆ ಕಂಪನಿಯ ಜೊತೆ ಒಪ್ಪಂದವಿರುವ, ಆಸ್ಪತ್ರೆಗೇ ಕರೆದುಕೊಂಡು ಹೋದೆವು. ಪುಣ್ಯಕ್ಕೆ ಗ್ಯಾಸ್ ಅಂತ ಗೊತ್ತಾಯಿತು. ಆದರೆ ಅಲ್ಲಿ ನೋಡಿದ ಡಾಕ್ಟರು ನೆಟ್‌ವರ್ಕ್ ಹೊರಗಿನವರಂತೆ. ಅವರ ಬಿಲ್ಲು ಬೇರೆಯಾಗಿ ಮನೆಗೆ ಬಂತು. ನೋ ಸರ್ಪ್ರೈಸಸ್ ಆ್ಯಕ್ಟ್ ಅಂತ ಒಂದು ಕಾನೂನು 2022ರ ಜನವರಿಯಿಂದ ಜಾರಿಯಲ್ಲಿದೆ. ಎಮರ್ಜೆನ್ಸಿಯಲ್ಲಿ ಯಾರೇ ನೋಡಲಿ, ನಾವು ಕೊಡಬೇಕಾದ್ದು ನೆಟ್‌ವರ್ಕ್ ಲೆಕ್ಕದ ನಮ್ಮ ಪಾಲು ಮಾತ್ರ. ಉಳಿದದ್ದನ್ನು ಡಾಕ್ಟರು, ಕಂಪನಿ ಅವರವರೇ ಬಗೆಹರಿಸಿಕೊಳ್ಳಬೇಕು. ಕಂಪನಿ ಕಳಿಸಿದ ಲೆಕ್ಕದ ಹಾಳೆ ಎದುರಿಗಿಟ್ಟುಕೊಂಡು ಆ ಬಿಲ್ಲಿನವರಿಗೆ ಫೋನ್ ಮಾಡಿ ಕಾನೂನಿನ ಹೆಸರು ಹೇಳಿದೆ. ಅಲ್ಲಿಯವರೆಗೆ ಕಂತಿನಲ್ಲಿ ಕಟ್ಟಿ ಎನ್ನುತ್ತಿದ್ದ ಹುಡುಗಿ, ಒಂದು ನಿಮಿಷ ಹೋಲ್ಡ್‌ನಲ್ಲಿಟ್ಟು ವಾಪಸ್ ಬಂದು, ಮೊತ್ತ ಸರಿಮಾಡಿದ್ದೇವೆ ಎಂದಳು. ಒಂದು ವಿಷಯ ನೆನಪಿರಲಿ. ಈ ಕಾನೂನು ಏರ್ ಆಂಬ್ಯುಲೆನ್ಸಿಗೆ ಅನ್ವಯಿಸುತ್ತದೆ, ರಸ್ತೆ ಮೇಲೆ ಓಡುವ ಆಂಬ್ಯುಲೆನ್ಸಿಗೆ ಇಲ್ಲ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ.

ತಪಾಸಣೆಗಳ ವಿಷಯ. ಅಮ್ಮನ ಮ್ಯಾಮೊಗ್ರಾಂ ಉಚಿತ. ಲಸಿಕೆಗಳೂ ಉಚಿತ. ಆದರೆ 2025ರಲ್ಲಿ ಮ್ಯಾಮೊಗ್ರಾಂನಲ್ಲಿ ಏನೋ ಮಸುಕು ಕಂಡಿತು ಅಂತ ಅಲ್ಟ್ರಾಸೌಂಡ್ ಬರೆದುಕೊಟ್ಟರು. ಅದು ತಪಾಸಣೆ ಅಲ್ಲ, ಡಯಾಗ್ನೋಸ್ಟಿಕ್ ಅಂತ ಹೇಳಿ ಡಿಡಕ್ಟಿಬಲ್‌ಗೆ, ಅಂದರೆ ಕಂಪನಿ ಕೊಡುವ ಮೊದಲು ನಾವೇ ಕಟ್ಟಬೇಕಾದ ಮೊತ್ತಕ್ಕೆ, ಹಾಕಿದರು. ಪೂರ್ತಿ ನಮ್ಮ ಕೈಯಿಂದಲೇ ಹೋಯಿತು. 2026ರಲ್ಲಿ ಶುರುವಾಗುವ ಪಾಲಿಸಿ ವರ್ಷದಿಂದ ಫೆಡರಲ್ ನಿಯಮ ಬದಲಾಗಿದೆ. ಸ್ತನ ತಪಾಸಣೆ ಪೂರ್ತಿಯಾಗಲು ಬೇಕಾಗುವ ಮುಂದಿನ ಸ್ಕ್ಯಾನ್‌ಗಳಿಗೂ ದುಡ್ಡು ಕೇಳುವ ಹಾಗಿಲ್ಲ. ಈಗ ಮಾಡಿಸಿಕೊಳ್ಳುವವರು ಬಿಲ್ಲು ಬಂದರೆ ಸುಮ್ನೆ ಕಟ್ಟಬೇಡಿ.

ಫೋನ್ ಸೇವೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಇಂಗ್ಲಿಷ್ ಸರಿಯಾಗಿ ಬಾರದವರಿಗೆ ದುಭಾಷಿಯನ್ನು ಉಚಿತವಾಗಿ ಕೊಡಬೇಕು ಅನ್ನುವುದೂ ಅಫೋರ್ಡಬಲ್ ಕೇರ್ ಆ್ಯಕ್ಟ್‌ನಲ್ಲೇ ಇದೆ. ಕನ್ನಡ ಸಿಗುತ್ತದೆಯೇ ಅಂತ ಅನುಮಾನದಲ್ಲೇ ಕೇಳಿದೆ. ಸಿಕ್ಕಿತು! ಧಾರವಾಡದ ಕಡೆಯ ಮಾತು. ಅಮ್ಮ ಇನ್ಸುಲಿನ್ ವಿಷಯ ಬಿಟ್ಟು ನಿಮ್ಮದು ಯಾವೂರು, ಮದುವೆಯಾಗಿದೆಯೇ ಅಂತ ಶುರು ಮಾಡಿದರು. ಆತ ಪಾಪ, ನಾನು ಅದಕ್ಕೆಲ್ಲಾ ಉತ್ತರ ಕೊಡುವಂಗಿಲ್ರೀ ಅಮ್ಮಾ ಅಂದ.

ಇನ್ನು ಸ್ಟಾರ್ ಎಲ್ಲಿ ಹೋಯಿತು ನೋಡಿ. ಇದು ಇಪಿಒ ಅನ್ನುವ ಬಗೆಯ ಪ್ಲಾನ್. ಎಮರ್ಜೆನ್ಸಿ ಬಿಟ್ಟರೆ ನೆಟ್‌ವರ್ಕ್ ಹೊರಗೆ ಒಂದು ಡಾಲರೂ ಕೊಡುವುದಿಲ್ಲ. ಅದು ಗೊತ್ತಿದ್ದೇ ತಗೊಂಡದ್ದು, ದೂರಿಲ್ಲ. ದೂರಿರುವುದು ಡಾಕ್ಟರುಗಳ ಪಟ್ಟಿಯ ಬಗ್ಗೆ. ಶುಗರ್ ನೋಡುವ ಎಂಡೋಕ್ರೈನಾಲಜಿಸ್ಟ್ ಹುಡುಕಿದರೆ ಉದ್ದದ ಪಟ್ಟಿ ಬರುತ್ತದೆ. ಫೋನ್ ಮಾಡಿದರೆ ಒಬ್ಬರು ನಿವೃತ್ತರು, ಒಬ್ಬರು ಊರು ಬಿಟ್ಟಿದ್ದಾರೆ, ಒಬ್ಬರು ಈ ಪ್ಲಾನನ್ನೇ ತೆಗೆದುಕೊಳ್ಳುವುದಿಲ್ಲ. ಈ ಪಟ್ಟಿಯನ್ನು 90 ದಿನಕ್ಕೊಮ್ಮೆ ಪರಿಶೀಲಿಸಬೇಕು ಅಂತ ಕಾನೂನೇ ಹೇಳುತ್ತದೆ. ಪಟ್ಟಿ ನಂಬಿ ಹೋಗಿ ಡಾಕ್ಟರು ಹೊರಗಿನವರು ಅಂತಾದರೆ ನೆಟ್‌ವರ್ಕ್ ದರವನ್ನೇ ಹಾಕಬೇಕು. ಆದ್ದರಿಂದ ಅಪಾಯಿಂಟ್‌ಮೆಂಟ್ ಮಾಡುವ ದಿನ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹಲ್ಲಿನ ಖರ್ಚು ದೊಡ್ಡವರಿಗೆ ಇದರಲ್ಲಿ ಸೇರಿಲ್ಲ, ಅಗತ್ಯ ಸೌಲಭ್ಯಗಳ ಪಟ್ಟಿಯಲ್ಲಿ ಅದು ಮಕ್ಕಳಿಗೆ ಮಾತ್ರ.

ಈಗ ಬೆಲೆ. ಇಲ್ಲೇ ಇರುವುದು ನಿಜವಾದ ಕಥೆ.

ಅಪ್ಪ ಅಮ್ಮ ನಮ್ಮ ಟ್ಯಾಕ್ಸ್‌ನಲ್ಲಿ ಅವಲಂಬಿತರು. ಹಾಗಾಗಿ ಪ್ರೀಮಿಯಂಗೆ ಸರ್ಕಾರ ಕೊಡುವ ಸಬ್ಸಿಡಿಗೆ ನಮ್ಮ ಆರು ಜನರ ಮನೆಯ ಆದಾಯವೇ ಲೆಕ್ಕ. 2021ರಲ್ಲಿ ಬಂದು, 2022ರಲ್ಲಿ ಮುಂದುವರಿದ ಹೆಚ್ಚುವರಿ ಸಬ್ಸಿಡಿ ಇದ್ದಷ್ಟು ದಿನ ಆದಾಯ ಎಷ್ಟಿದ್ದರೂ ಬೆಂಚ್‌ಮಾರ್ಕ್ ಪ್ಲಾನಿಗೆ (ನಮ್ಮ ಕಡೆ ಸಿಗುವ ಎರಡನೇ ಅಗ್ಗದ ಸಿಲ್ವರ್ ಪ್ಲಾನ್) ಆದಾಯದ ಶೇ. 8.5ಕ್ಕಿಂತ ಜಾಸ್ತಿ ಕಟ್ಟಬೇಕಿರಲಿಲ್ಲ. ನಮಗೆ ತಿಂಗಳಿಗೆ ಸುಮಾರು 1,260 ಡಾಲರ್ ಬೀಳುತ್ತಿತ್ತು. 2025ರ ಕೊನೆಗೆ ಆ ಸಬ್ಸಿಡಿ ಮುಗಿಯಿತು. ಹಳೇ ಗೆರೆ ಮತ್ತೆ ಬಂತು. ಬಡತನ ರೇಖೆಯ ಶೇ. 400 ದಾಟಿದವರಿಗೆ ಏನೂ ಇಲ್ಲ. ಆರು ಜನರ ಮನೆಗೆ 2026ರ ಲೆಕ್ಕದಲ್ಲಿ ಅದು 1,72,600 ಡಾಲರ್. ನಾವು ಅದರಿಂದ ಸ್ವಲ್ಪವೇ ಮೇಲಿದ್ದೆವು. 2025ರ ನವೆಂಬರ್‌ನಲ್ಲಿ ಲಾಗಿನ್ ಆಗಿ ಮುಂದಿನ ವರ್ಷದ ಬೆಲೆ ನೋಡಿದರೆ ಅದೇ ಪ್ಲಾನು, ಅದೇ ಕಾರ್ಡು, ತಿಂಗಳಿಗೆ 2,700 ಡಾಲರ್ ಮೇಲೆ. ನನ್ನ ಗಂಡ ಪುಟ ರಿಫ್ರೆಶ್ ಮಾಡಿ ನೋಡಿದ್ದೇ ನೋಡಿದ್ದು.

ದಾರಿ ಇತ್ತು. ಟ್ಯಾಕ್ಸ್‌ಗೆ ಮೊದಲೇ ಸಂಬಳದಿಂದ ನಿವೃತ್ತಿಗೆಂದು 401ಕೆ ಖಾತೆಗೆ ಹಾಕುವ ದುಡ್ಡು ಈ ಆದಾಯದ ಲೆಕ್ಕಕ್ಕೆ ಬರುವುದಿಲ್ಲ. 2026ಕ್ಕೆ ಅದರ ಮಿತಿ ಒಬ್ಬರಿಗೆ 24,500. ಇಬ್ಬರೂ ಜಾಸ್ತಿ ಹಾಕಿ ಗೆರೆಯ ಕೆಳಗೆ ಬಂದೆವು. ಗೆರೆಗಿಂತ ಸ್ವಲ್ಪ ಕೆಳಗಿದ್ದರೆ ಆದಾಯದ ಶೇ. 9.96 ಕಟ್ಟಬೇಕು, ನಮಗೆ ತಿಂಗಳಿಗೆ 1,400 ಚಿಲ್ಲರೆ. ಆದರೆ ಬೋನಸ್ಸೋ ಷೇರೋ ಬಂದು ಗೆರೆ ದಾಟಿದರೆ ವರ್ಷದ ಸಬ್ಸಿಡಿಯಷ್ಟೂ ಟ್ಯಾಕ್ಸ್ ಸಮಯದಲ್ಲಿ ವಾಪಸ್ ಕಟ್ಟಬೇಕು. ಗೆರೆಯ ಕೆಳಗಿದ್ದವರಿಗೆ ಮೊದಲು ವಾಪಸಾತಿಗೆ ಒಂದು ಮಿತಿ ಇತ್ತು. 2026ರ ಟ್ಯಾಕ್ಸ್ ವರ್ಷದಿಂದ ಅದೂ ಇಲ್ಲ. ಬ್ರಾಂಜ್ ಪ್ಲಾನ್‌ಗಳಿಗೆ 2026ರಿಂದ ಎಚ್‌ಎಸ್‌ಎ (ಆರೋಗ್ಯದ ಖರ್ಚಿಗೆಂದು ಟ್ಯಾಕ್ಸ್ ಇಲ್ಲದೆ ಉಳಿಸುವ ಖಾತೆ) ಸೇರಿಸಿದ್ದಾರೆ ಅಂತ ಕೆಲವರು ಹೇಳಿದರು. ಅವಲಂಬಿತರಿಗೆ ಸ್ವಂತ ಎಚ್‌ಎಸ್‌ಎ ತೆರೆಯಲು ಬರುವುದಿಲ್ಲ, ನಮಗೆ ಉಪಯೋಗವಿಲ್ಲ.

ನಮ್ಮದು ಪರವಾಗಿಲ್ಲ. ಅಮ್ಮನ ಜೊತೆ ವಾಕಿಂಗ್ ಬರುವ ಒಬ್ಬರು ಆಂಟಿ ಇದ್ದಾರೆ, ಗಂಡ ಹೆಂಡತಿ ತಾವೇ ಟ್ಯಾಕ್ಸ್ ಫೈಲ್ ಮಾಡುತ್ತಾರೆ. ಆದಾಯ ಊರಿನ ಪಿಂಚಣಿ ಮಾತ್ರ, ಬಡತನ ರೇಖೆಗಿಂತ ಕೆಳಗೆ. ಗ್ರೀನ್ ಕಾರ್ಡ್ ಆಗಿ ಐದು ವರ್ಷವಾಗದೆ, ಬಡವರಿಗಿರುವ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇಡ್ ಸಿಗದಂಥವರಿಗೆ ಅಷ್ಟು ಕಡಿಮೆ ಆದಾಯವಿದ್ದರೂ ಸಬ್ಸಿಡಿ ಕೊಡುವ ನಿಯಮವಿತ್ತು. ಅವರ ಪ್ರೀಮಿಯಂ ಸೊನ್ನೆ. 2025ರ ಜುಲೈ 4ರಂದು ಸಹಿಯಾದ ಕಾನೂನು 2026ರಿಂದ ಅದನ್ನು ತೆಗೆದುಹಾಕಿತು. ಈಗ ಅವರಿಗೆ ಪೂರ್ತಿ ಬೆಲೆ. ಪಿಂಚಣಿ ಕಡಿಮೆ ಅನ್ನುವ ಕಾರಣಕ್ಕೇ ದುಡ್ಡು ಜಾಸ್ತಿ! ಇಂಥ ನಿಯಮ ಬರೆದವರು ಒಮ್ಮೆ ಆ ಆಂಟಿಗೆ ವಿವರಿಸಿ ನೋಡಲಿ. 2027ರಿಂದ ಎಚ್‌1ಬಿಯಂಥ ವೀಸಾದಲ್ಲಿರುವವರಿಗೂ ಸಬ್ಸಿಡಿ ನಿಲ್ಲುತ್ತದೆ, ಗ್ರೀನ್ ಕಾರ್ಡಿನವರಿಗೆ ಉಳಿಯುತ್ತದೆ.

ಹೊಸದಾಗಿ ಬರುವವರು ಬಂದ 60 ದಿನದೊಳಗೆ ಅರ್ಜಿ ಹಾಕಿ, ಎಲ್ಲರಿಗೂ ಅರ್ಜಿ ತೆರೆಯುವ ನವೆಂಬರ್‌ಗೆ ಕಾಯಬೇಡಿ. ಹಿರಿಯರಿಗಿರುವ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್ ಬೇಕೆಂದರೆ 65 ದಾಟಿ, ಗ್ರೀನ್ ಕಾರ್ಡ್ ಮೇಲೆ ಐದು ವರ್ಷ ಸತತವಾಗಿ ಇಲ್ಲಿ ಇದ್ದಿರಬೇಕು. ಇಲ್ಲಿ ದುಡಿಯದವರಿಗೆ ಅದೂ ಪುಕ್ಕಟೆ ಅಲ್ಲ. 2026ರ ದರದಲ್ಲಿ ಆಸ್ಪತ್ರೆಗೆ ಸೇರಿದರೆ ಬೇಕಾಗುವ ಪಾರ್ಟ್ ಎ 565, ಡಾಕ್ಟರ ಖರ್ಚಿನ ಪಾರ್ಟ್ ಬಿ 202.90, ಒಬ್ಬರಿಗೆ ತಿಂಗಳಿಗೆ 768 ಡಾಲರ್ ಹತ್ತಿರ. ಕೈಯಿಂದ ಹೋಗುವ ಖರ್ಚಿಗೆ ಅದರಲ್ಲಿ ಮೇಲಿನ ಮಿತಿಯೂ ಇಲ್ಲ, ಆ ಕೊರತೆ ತುಂಬುವ ಮೆಡಿಗ್ಯಾಪ್ ಪಾಲಿಸಿ ಬೇರೆ ಕೊಳ್ಳಬೇಕು. ಆದರೂ ಅಪ್ಪ ಅಮ್ಮನಿಗೆ 2028ರಲ್ಲಿ ಐದು ವರ್ಷ ತುಂಬಿದ ಕೂಡಲೇ ಅದಕ್ಕೇ ಹೋಗುತ್ತೇವೆ. ನಿವೃತ್ತರಾದ ಎಂಡೋಕ್ರೈನಾಲಜಿಸ್ಟ್‌ಗಳಿಗೆ ಫೋನ್ ಮಾಡುವುದಾದರೂ ತಪ್ಪುತ್ತದೆ.