ಅವೆನ್ಯೂ ರೋಡಲ್ಲಿ ತಗೊಂಡ ಹಳೇ ಡಿಕ್ಷನರಿ: ರಿವ್ಯೂ

ಮೊಬೈಲಲ್ಲೇ ಎಲ್ಲಾ ಸಿಗತ್ತಲ್ಲ, ಈ ಇಟ್ಟಿಗೆ ಯಾಕೆ ಹೊತ್ಕೊಂಡ್ ಬಂದೆ ಅಂತ ಮನೇಲೇ ಬೈಸ್ಕೊಂಡಾಯ್ತು. ಆಕ್ಸ್‌ಫರ್ಡ್ ಕನ್ಸೈಸ್, ಹಳೇ ಎಡಿಷನ್ನು, ಭಾನುವಾರ ಫುಟ್‌ಪಾತ್ ಮೇಲೆ ಹರಡ್ಕೊಂಡಿರ್ತಾರಲ್ಲ ಅಲ್ಲಿ ಸಿಕ್ತು, 400 ಅಂದ್ರು, ಚೌಕಾಸಿ ಮಾಡಿ 250ಕ್ಕೆ ತಗೊಂಡೆ. ಚಿಕ್ಕಪೇಟೆ ಮೆಟ್ರೋ ಇಳಿದು ನಡ್ಕೊಂಡೇ ಹೋಗಿ, ಗಾಡಿ ಮಾತ್ರ ತಗೊಂಡ್ ಹೋಗ್ಬೇಡಿ ಮಾರಾಯ್ರೆ.

ಅರ್ಥ ಬೇಕಂದ್ರೆ ಫೋನೇ ಸಾಕು, ಒಪ್ತೀನಿ. ಇದ್ರಲ್ಲಿ ಮಜಾ ಇರೋದು ಅರ್ಥ ಎಲ್ಲಾ ಮುಗಿದ್ಮೇಲೆ ಕೊನೇಲಿ ಚಿಕ್ಕದಾಗಿ ಪದದ ಮೂಲ ಹಾಕಿರ್ತಾರಲ್ಲ ಅಲ್ಲಿ. ನಮ್ಮ ಮಗಳು ಡಿಕ್ಟೇಷನ್‌ನಲ್ಲಿ ರಿಸೀಟ್ ಸ್ಪೆಲಿಂಗಲ್ಲಿ ಪಿ ಬಿಟ್ಟು ಮಾರ್ಕ್ಸ್ ಹೋಗಿತ್ತು, "ಹೇಳೋದೇ ಇಲ್ಲ ಅಂದ್ಮೇಲೆ ಬರೆಯೋದ್ಯಾಕಪ್ಪಾ" ಅಂತ ಜಗಳ. ತೆಗೆದು ನೋಡಿದ್ರೆ ಅವಳು ಹೇಳಿದ್ದೇ ಸರಿ! ಇಂಗ್ಲಿಷ್‌ಗೆ ಆ ಪದ ಫ್ರೆಂಚ್ ಕಡೆಯಿಂದ ಬಂದಾಗ ಪಿ ಇರ್ಲೇ ಇಲ್ಲ, ಲ್ಯಾಟಿನ್ ಮೂಲ 'ರೆಕೆಪ್ಟಾ'ದಲ್ಲಿ ಪಿ ಇದೆ ಅಂತ ಆಮೇಲೆ ಪಂಡಿತರು ತಂದು ತುರುಕಿದ್ದು, ಜನ ಮಾತ್ರ ಅದನ್ನ ಉಚ್ಚಾರ ಮಾಡೋಕೆ ಹೋಗ್ಲಿಲ್ಲ. ಅದೇ ವಂಶದ ಡಿಸೀಟ್, ಕನ್ಸೀಟ್‌ಗೆ ಪಿ ಇಲ್ಲ, ಹೆಂಗೋ ಬಚಾವಾದ್ವು. ಡೆಟ್, ಡೌಟ್‌ನಲ್ಲಿ ಸುಮ್ನೆ ಕೂತಿರೋ ಬಿ ಕೂಡ ಇದೇ ಲ್ಯಾಟಿನ್ ಶೋಕಿ.

ಇನ್ನೊಂದು, ರಿಸೀಟ್ ಅಂದ್ರೆ ಹಿಂದೆ ಅಡುಗೆ ರೆಸಿಪಿ ಅಂತಾನೂ ಅರ್ಥ ಇತ್ತಂತೆ. ರೆಸಿಪಿ ಅಂದ್ರೆ ಲ್ಯಾಟಿನ್‌ನಲ್ಲಿ 'ತಗೋ' ಅಂತ, ಡಾಕ್ಟ್ರು ಚೀಟಿ ಮೇಲ್ಗಡೆ ಬರೀತಿದ್ದಿದ್ದು, ಈಗ್ಲೂ ಕ್ಲಿನಿಕ್ ಚೀಟೀಲಿ ಆರ್ ಕಾಲಿಗೆ ಗೀಟು ಎಳೆದು ಹಾಕಿರ್ತಾರಲ್ಲ ಅದು ಇದೇನೇ.

ಇಲ್ಲಿ ಒಂದು ವಿಷ್ಯ ಹೇಳ್ಲೇಬೇಕು, ಈ ಡಿಕ್ಷನರೀಲಿ ಇರಲ್ಲ ಅದು. ದೇವಸ್ಥಾನದ ಸೇವಾ ರಸೀದಿ ಇದ್ಯಲ್ಲ, ಆ ರಸೀದಿ ರಿಸೀಟ್‌ನಿಂದ ಬಂದಿದ್ದು ಅಂತ ಸುಮಾರು ಜನ ಅನ್ಕೊಂಡಿದಾರೆ. ಅಲ್ಲ, ಅದು ಪಾರ್ಸಿ ಭಾಷೆ ಪದ, 'ರಸೀದ್' ಅಂದ್ರೆ ತಲುಪಿತು ಅಂತ. ಎರಡೂ ಒಂದೇ ಥರ ಕೇಳ್ಸೋದು, ಕೆಲಸಾನೂ ಒಂದೇ, ಸಂಬಂಧ ಮಾತ್ರ ಇಲ್ಲ.

ಮೈನಸ್ಸೂ ಇದೆ. ಅಕ್ಷರ ವಿಪರೀತ ಸಣ್ಣ, ರಾತ್ರಿ ಟ್ಯೂಬ್‌ಲೈಟಲ್ಲಿ ಕಣ್ಣು ಉರಿಯತ್ತೆ. ಮೂಲ ಹೇಳೋ ಜಾಗದಲ್ಲಿ ಬರೀ ಎಂಇ, ಒಎಫ್ ಅಂತ ಶಾರ್ಟ್‌ಫಾರ್ಮ್, ಮಿಡಲ್ ಇಂಗ್ಲಿಷ್, ಓಲ್ಡ್ ಫ್ರೆಂಚ್ ಅಂತ ಪುಸ್ತಕದ ಶುರುವಲ್ಲಿರೋ ಪಟ್ಟಿ ನೋಡ್ಕೊಂಡೇ ಓದ್ಬೇಕು. ಉಚ್ಚಾರದ ಚಿಹ್ನೆಗಳು ಮಕ್ಕಳಿಗಂತೂ ಅರ್ಥ ಆಗಲ್ಲ. ಮಗಳು 'ಸೆಲ್ಫಿ' ಪದ ಹುಡುಕಿದ್ಲು, ಹಳೇ ಎಡಿಷನ್ನಲ್ಲಿ ಎಲ್ಲಿಂದ ಬರ್ಬೇಕು! ಐದನೇ ಕ್ಲಾಸ್ ಒಳಗಿನ ಮಕ್ಕಳಿದ್ರೆ ಇಂಗ್ಲಿಷ್-ಕನ್ನಡ ನಿಘಂಟೇ ತಗೊಳಿ.

ಕೊಳ್ಳೋವಾಗ ಬೆನ್ನು ಹಿಡಿದು ಒಂದ್ಸಲ ಅಲ್ಲಾಡ್ಸಿ, ಹೊಲಿಗೆ ಬಿಟ್ಟಿದ್ರೆ ಹಾಳೆ ಉದುರತ್ತೆ. ಎ ಶುರು ಮತ್ತೆ ಜೆಡ್ ಕೊನೆ ಹಾಳೆ ಇದ್ಯಾ ಅಂತ ಅಲ್ಲೇ ನೋಡ್ಕೊಳಿ, ಮನೆಗೆ ಬಂದ್ಮೇಲೆ ವಾಪಸ್ ತಗೊಳಲ್ಲ. ರಿಸೀಟೂ ಕೊಡಲ್ಲ.